ಮಾಸ್ತರರ ಡಾಂಬರ ಗುಳಿಗೆ

ಆ ಸಂಜೆ ಹೇಗೆ ನಡೆಯಿತೆಂದು ಖಚಿತವಾಗಿ ಹೇಳಲಾರೆ. ಕಳೆದ ವಾರ ಹಳೆಯ ಟ್ರಂಕು ತೆರೆದಾಗ ಡಾಂಬರ ಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ನಮ್ಮೂರು ಸಿದ್ದಾಪುರ ನೆನಪಾಯಿತು. ತೊಂಬತ್ತೆಂಟೋ, ತೊಂಬತ್ತೊಂಬತ್ತೋ...

ನಮಗೆ ಗಣಿತ ಕಲಿಸಿದ್ದ ಮಾಸ್ತರರು ನಿವೃತ್ತರಾದ ಮೇಲೆ ಶನಿವಾರ ಸಂಜೆ ವಾಚನಾಲಯದಲ್ಲಿ ವಿಜ್ಞಾನ ಹೇಳುತ್ತಿದ್ದರು. ಕೇಳಲು ದರ್ಜಿ, ಅಕ್ಕಿ ಗಿರಣಿಯ ಫಿಟರ್, ಇನ್ನೂ ಏಳೆಂಟು ಮಂದಿ. ನಾನಾಗ ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಕಪ್ಪುಕುಳಿಗಳು, ಅಂದರೆ ಬ್ಲ್ಯಾಕ್ ಹೋಲ್‌ಗಳು, ಆವಿಯಾಗುವ ಬಗೆಗಿನ ಪ್ರಬಂಧವೊಂದರ ಝೆರಾಕ್ಸ್ ಅವರಿಗೆ ತಂದುಕೊಟ್ಟಿದ್ದೆ. ನಾನು ಅದನ್ನು ಓದಿರಲಿಲ್ಲ. ಅವರು ಬೇಸಿಗೆಯಿಡೀ ಓದಿದ್ದರು.

"ನೀ ಯೂನಿವರ್ಸಿಟಿಯಾಂವ. ಶನಿವಾರ ಬಾ. ನಾ ತಿಳಕೊಂಡಿದ್ದು ಖರೇನೋ ಸುಳ್ಳೋ, ನಾಲ್ಕು ಮಂದಿ ಮುಂದ ಹೇಳು" ಎಂದಿದ್ದರು.

ಅಂದು ಕಿಟಕಿಯಾಚೆಯ ಕಾಲುವೆ ತೋರಿಸಿದರು. "ಅಗಲ ಬಿಡ್ರಿ, ಆಳ ಬಿಡ್ರಿ. ಬರೇ ಉದ್ದ ಉಳೀತು. ಜಗತ್ತು ಇಷ್ಟ ಅಂತ ತಿಳಕೊಂಡ್ರ ಲೆಕ್ಕ ಹಗುರ ಆಗತೈತಿ." ಆಮೇಲೆ ಮೇಜಿನ ಮೇಲೆ ಡಾಂಬರ ಗುಳಿಗೆಯೊಂದನ್ನು ಇಟ್ಟರು. "ಕಪ್ಪುಕುಳಿನೂ ಹಿಂಗ ಸವೀತೈತಿ. ಸಣ್ಣದಾದ್ರೂ ಬಿಸಿ ಏರೂದಿಲ್ಲ, ಇದ್ದಷ್ಟ ಇರತೈತಿ."

ಭತ್ತದ ಗದ್ದೆಯ ತಂಪು ಗಾಳಿ, ಆ ವಾಸನೆ, ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು... ಕೋಣೆಯೇ ತೇಲುತ್ತಿರುವಂತಿತ್ತು. ನಾನು ಎದ್ದು ನಿಂತೆ.

"ತಪ್ಪರಿ ಸರ್. ಸಣ್ಣದಾದಷ್ಟೂ ಬಿಸಿ ಏರತೈತಿ. ಯಾವ ಪುಸ್ತಕ ತೆಗದ್ರೂ ಅದ ಐತ್ರಿ."

"ಏನ್ರಿ ಮಾಸ್ತರ, ಶಿಷ್ಯ ನಿಮ್ಮ ಗುಳಿಗಿ ಹಾರಿಸೇಬಿಟ್ಟನಲ್ಲ!" ಎಂದ ದರ್ಜಿ. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರೆಂದು ನೆನಪು; ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಗುಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಮುಂದಿನ ಶನಿವಾರದಿಂದ ಅವರು ವಾಚನಾಲಯಕ್ಕೆ ಬರಲಿಲ್ಲ.

ಅವರು ತೀರಿಕೊಂಡ ಮೇಲೆ ಮಗಳು ಆ ಝೆರಾಕ್ಸ್ ತಂದುಕೊಟ್ಟರು. "ನಿಮ್ಮದಂತ್ರಿ ಅಣ್ಣಾರ. ನೆನಪಿಲೆ ಹೊಳ್ಳಿ ಕೊಡು ಅಂದಿದ್ದ ಅಪ್ಪ." ಆಗಲೂ ಓದದೆ ಟ್ರಂಕಿಗೆ ಹಾಕಿದ್ದೆ.

ಈಗ ಟ್ರಂಕಿನ ಗುಳಿಗೆಗಳು ಪೂರ್ತಿ ಸವೆದಿವೆ. ವಾಸನೆ ಹಾಳೆಗಳಿಗೆ ಹತ್ತಿಕೊಂಡಿದೆ. ಅಂಚಿನಲ್ಲಿ ಅವರ ಪೆನ್ಸಿಲಿನ ಅಕ್ಷರ ಮಸುಕಾಗಿದೆ. ಪ್ರಬಂಧವನ್ನು ಮೊದಲ ಸಲ ಓದಿದೆ. ನಾನು ಹೇಳಿದ್ದು ಆಕಾಶದ ಕಪ್ಪುಕುಳಿಗೆ ಸರಿ. ಅವರು ಹೇಳುತ್ತಿದ್ದುದು ಪ್ರಬಂಧದ ಕಪ್ಪುಕುಳಿಯ ಬಗ್ಗೆ, ಉದ್ದವೊಂದೇ ಇರುವ ಆ ಕಾಲುವೆಯಂಥ ಜಗತ್ತಿನದು. ಅದನ್ನು ಅವರಿಗೆ ಹೇಳೋಣವೆಂದರೆ ಈಗ ಅವರಿಲ್ಲ. ಎರಡು ದಿನ ಕೂತು ನಾನೇ ಲೆಕ್ಕ ಮಾಡಿ ನೋಡಿದೆ. ಆ ಮಾದರಿಯಲ್ಲಿ ಕಪ್ಪುಕುಳಿ ಎಷ್ಟೇ ಸವೆದರೂ ಅದರ ಬಿಸಿ ಇದ್ದಷ್ಟೇ ಇರುತ್ತದೆ.