ಪುಸ್ತಕದಲ್ಲಿಲ್ಲದ ಮೆಣಸಿನಕಾಯಿಯವಳು

ಕಮರಿಪೇಟೆಯ ಈಶ್ವರ ಗುಡಿಯಲ್ಲಿ ಶ್ರಾವಣ ಬಂದರೆ ಪುರಾಣ ಓದುವವರು ದ್ರಾಕ್ಷಾಯಿಣಿ ಟೀಚರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಅವರ ದನಿ ಇನ್ನೂ ಕೊನೆಯ ಬೆಂಚಿಗೆ ಮುಟ್ಟುವಂತಿತ್ತು.

ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂತು. ಅಕ್ಷರಗಳು ಹಿಟ್ಟಿನಲ್ಲಿ ಬಿದ್ದ ನುಸಿಯಂತೆ ಕಾಣತೊಡಗಿದವು. ಬಾಯಿಬಿಟ್ಟರೆ ಓದುವ ಗಾದಿ ಕೈತಪ್ಪುತ್ತದೆಂದು ಹೆದರಿ, ಅಂದಾಜಿನ ಮೇಲೆ ಹಾಳೆ ತಿರುವುತ್ತ ನೆನಪಿದ್ದಷ್ಟು ಹೇಳಿದರು. ನೆನಪು ಕೈಕೊಟ್ಟಲ್ಲಿ ಮೆಣಸಿನಕಾಯಿ ಮಾರುವ ಒಬ್ಬ ಶರಣೆ ಹುಟ್ಟಿಕೊಂಡಳು. ಜಂಗಮನ ವೇಷದಲ್ಲಿ ಬಂದ ಶಿವನನ್ನೇ ಆಕೆ, "ಕಾಲು ತೊಳಕೊಂಡು ಒಳಗ ಬಾರೋ ಯಪ್ಪಾ, ಈಗರೆ ಸಾರಿಸೇನಿ" ಎಂದು ಗದರಿಸಿದಳು. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಾಳಿನ ವ್ಯಾಪಾರಿ ಫಕೀರಪ್ಪನವರು ಭಕ್ತಿಯಿಂದ ಕೈ ಮುಗಿದರು.

ಈ ವರ್ಷ ಆಷಾಢದಲ್ಲಿ ಸತ್ತೂರಿನ ದವಾಖಾನೆಯಲ್ಲಿ ಪೊರೆ ತೆಗೆದರು. ಶ್ರಾವಣದಲ್ಲಿ ಟೀಚರು ಒಂದಕ್ಷರ ಬಿಡದೆ ಓದಿದರು. ಮೆಣಸಿನಕಾಯಿಯವಳು ಬರಲೇ ಇಲ್ಲ. ಹೇಳಿ ಹೇಳಿ ಅವರಿಗೂ ಆಕೆ ಪುಸ್ತಕದಲ್ಲಿದ್ದಾಳೆಂಬ ನಂಬಿಕೆ ಬಂದುಬಿಟ್ಟಿತ್ತು. ಮೂರು ದಿನ ಮನೆಯಲ್ಲಿ ಕೂತು ಹುಡುಕಿದರು; ಯಾವ ಹಾಳೆಯಲ್ಲೂ ಆಕೆ ಸಿಗಲಿಲ್ಲ.

ನಾಲ್ಕನೆಯ ದಿನ ಮುಂದಿನ ಸಾಲಿನ ಈರವ್ವ ಕೇಳಿಯೇಬಿಟ್ಟಳು: "ಟೀಚರ್, ಕಣ್ಣು ಬಂದಮ್ಯಾಲೆ ನಿಮ್ಮ ಓದು ಕೆಟ್ಟೈತ್ರಿ. ಮೆಣಸಿನಕಾಯಿಯಾಕಿನ್ನ ಯಾಕ ಬಿಟ್ರಿ?"

ಟೀಚರು ಪುಸ್ತಕ ಮುಚ್ಚಿದರು. "ಆಕಿ ಪುಸ್ತಕದಾಗ ಇಲ್ಲವ್ವಾ. ನನಗ ಕಣ್ಣು ಕಾಣ್ತಿದ್ದಿಲ್ಲ, ನಾನ ಕಟ್ಟಿ ಹೇಳಿದ್ದೆ. ತಪ್ಪಾತು."

ಈರವ್ವ ಅಲುಗಲಿಲ್ಲ. "ಹಂಗಾರ ಪ್ರೆಸ್ಸಿನವ್ರು ಬಿಟ್ಟಾರ. ನೀವು ಪೆನ್ನಿಲೆ ಬರದು ಸೇರಿಸ್ರಿ."

"ಪುರಾಣಕ್ಕ ಪೆನ್ನು ಹಚ್ಚೂದೇನವ್ವಾ!" ಫಕೀರಪ್ಪನವರು ಎದ್ದೇ ನಿಂತರು. ಆಮೇಲೆ ದನಿ ಇಳಿಸಿ, "ಆದ್ರ ಟೀಚರ್, ಹೋದ ವರ್ಷ ಆಕಿ ಮಗಳ ಲಗ್ನದ ಕತಿ ಅರ್ಧಕ್ಕ ನಿಂತಿತ್ತಲ್ರಿ. ಮುಂದೇನಾತು?"

ಕೊನೆಗೊಂದು ತೀರ್ಮಾನವಾಯಿತು. ಮೊದಲು ಪುಸ್ತಕವನ್ನು ಇದ್ದಂತೆ ಓದುವುದು. ಮಂಗಳಾರತಿಯಾಗಿ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿಟ್ಟ ಮೇಲೆ, ಅದಕ್ಕೆ ಕೇಳಿಸದಷ್ಟು ದೂರ, ಹೊರಗಿನ ಕಟ್ಟೆಯ ಮೇಲೆ ಮೆಣಸಿನಕಾಯಿಯವಳ ಕತೆ.

ಮಗಳ ಲಗ್ನ ಮುಗಿಸಲು ಟೀಚರಿಗೆ ಎರಡು ವಾರ ಹಿಡಿಯಿತು. ಬೀಗರು ಬಹಳ ಹಟ ಮಾಡಿದರು. ಓದಿಗೆ ಹತ್ತು ಮಂದಿ ಬಂದರೆ ಆರತಿಯ ಹೊತ್ತಿಗೆ ಕಟ್ಟೆ ತುಂಬಿರುತ್ತಿತ್ತು. ಫಕೀರಪ್ಪನವರು ಮಾತ್ರ ಎರಡನ್ನೂ ತಪ್ಪಿಸಲಿಲ್ಲ. ಓದುವಾಗ ತೂಕಡಿಸಿ, ಆರತಿಯ ಗಂಟೆಗೆ ಎಚ್ಚರಾಗಿ, ಎಲ್ಲರಿಗಿಂತ ಮೊದಲು ಕಟ್ಟೆ ಹಿಡಿಯುತ್ತಿದ್ದರು.