ಎರಡನೇ ಹಳಿಯ ಮೊದಲ ದಿನ

ಗುಡಗೇರಿಯ ಸಮೀಪದ ನಮ್ಮ ಊರಿನಲ್ಲಿ ಎರಡನೇ ರೈಲು ಹಳಿ ಶುರುವಾದ ದಿನ ಊರಿಗೆ ಊರೇ ಹಳಿಯ ಪಕ್ಕ ನೆರೆದಿತ್ತು. ಹೂವಿನ ಹಾರ ಹಾಕಿಕೊಂಡು ಮೊದಲ ಗಾಡಿ ಬರುವುದಿತ್ತು. ನಾನು ಕಲಿಸುವ ಶಾಲೆಗೆ ರಜೆ ಹಾಕಿ ನೋಡಲು ಹೋಗಿದ್ದೆ. ನಮ್ಮತ್ತೆ ಮಾತ್ರ ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು, ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಹಳಿಯ ಆಚೆ ನಮ್ಮ ಹೊಲ. ಅಲ್ಲಿ ಹತ್ತಿ ಬಿಡಿಸುವವರಿಗೆ ಊಟ ಒಯ್ಯಬೇಕಿತ್ತು.

"ಗಾಡಿ ಅಂದ್ರ ದೇವರೇನಬೇ, ಹಿಂಗ ನಿಂತು ನೋಡಾಕ?" ಎಂದು ನನ್ನನ್ನು ಚುಚ್ಚಿದರು.

ಗೇಟಿಲ್ಲದ ಆ ಕಾಲುದಾರಿಯಲ್ಲಿ ದಾಟುವವರಿಗೆಲ್ಲ ಒಂದು ರೂಢಿ ಇತ್ತು. ಒಂದೇ ಹಳಿ ಇದ್ದಾಗ, ಒಂದು ಗಾಡಿ ಹೋಯಿತೆಂದರೆ ಮತ್ತೊಂದು ಬರಲು ಬೇಕಾದಷ್ಟು ಹೊತ್ತು ಇರುತ್ತಿತ್ತು. ಹೀಗಾಗಿ ಗಾಡಿಯ ಬಾಲ ಕಂಡದ್ದೇ ತಡ, ಎತ್ತು, ಎಮ್ಮೆ, ಹೆಂಗಸರು ಎಲ್ಲರೂ ಹಳಿಗೆ ಇಳಿದುಬಿಡುವುದು. ಹಳಿ ಎರಡಾದ ಮೇಲೆ ಆ ಲೆಕ್ಕ ತಪ್ಪುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಮಕ್ಕಳಿಗೆ ಗಣಿತ ಕಲಿಸುವ ನನಗೂ!

ಹಾರದ ಗಾಡಿ ಬಂತು. ಜನ ಕೇಕೆ ಹಾಕಿದರು, ಹಲಗೆ ಬಾರಿಸಿದರು. ಕೊನೆಯ ಡಬ್ಬಿ ದಾಟುತ್ತಲೇ ಅತ್ತೆ ಹೆಜ್ಜೆ ಇಟ್ಟರು. ಅದರ ಮರೆಯಿಂದ, ಆಚೆ ಹಳಿಯ ಮೇಲೆ, ಎದುರು ದಿಕ್ಕಿನ ಇನ್ನೊಂದು ಗಾಡಿ ನುಗ್ಗಿ ಬಂತು. ಹಲಗೆಯ ಸಪ್ಪಳದಲ್ಲಿ ಸೀಟಿ ಕೇಳಿಸಲೇ ಇಲ್ಲ. ನಾನು ಹಾರಿ ಅವರ ಸೆರಗು ಹಿಡಿದು ಜಗ್ಗಿದೆ. ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದೆವು, ರೊಟ್ಟಿಗಳು ಚೂರಾದವು.

ಜೀವ ಉಳಿಯಿತಲ್ಲ ಎಂದು ತಬ್ಬಿಕೊಳ್ಳುವುದು ಬಿಟ್ಟು, ಊರ ಮುಂದೆಯೇ ಅವರನ್ನು ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಬುದ್ಧಿ ಐತೋ ಇಲ್ಲೋ ನಿಮಗ? ಸಾಯಾಕ ಬಂದೀರೇನ್ರಿ?"

ಅತ್ತೆ ಮೊಣಕೈಯ ರಕ್ತ ಒರೆಸಿಕೊಂಡು ಮನೆಗೆ ನಡೆದರು. ಅಂದು ಊಟ ಮಾಡಲಿಲ್ಲ. ಇನ್ನು ಹೊಲಕ್ಕೆ ಹೋಗುವುದೇ ಬೇಡ ಎಂದು ನನ್ನ ಗಂಡ ಹೇಳಿಬಿಟ್ಟರು. ಹೊಲ ಬಿಟ್ಟು ಕೂತರೆ ಈ ಜೀವ ಬಹಳ ದಿನ ಬಾಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರನ್ನು ಉಳಿಸಿದವಳೂ ನಾನೇ, ಮೂಲೆಗೆ ಕೂರಿಸಿದವಳೂ ನಾನೇ ಎಂದು ಸಂಕಟವಾಯಿತು.

ಮರುದಿನ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ! ಮಗ ಬೇಡವೆಂದರೂ ಅತ್ತೆ ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ಕಾಲುದಾರಿ ಬಂದರೂ ಅವರು ಅತ್ತ ತಿರುಗಲಿಲ್ಲ. ಸೀದಾ ಹಳಿಯ ಅಡಿಯಿಂದ ಹಾಯುವ ದೂರದ ಕೆಳಸೇತುವೆಗೆ ನಡೆದರು. ಸುತ್ತು ದಾರಿ, ಒಳಗೆ ಪಾದ ಮುಳುಗುವಷ್ಟು ಕೆಸರು. ಸೀರೆ ಎತ್ತಿ ಕಟ್ಟಿ ಇಳಿದರು.

"ನಿನ್ನೆ ಬೈದದ್ದು ತಪ್ಪಾತ್ರಿ ಅತ್ತಿ," ಅಂದೆ. ಅಳು ಬಂದುಬಿಟ್ಟಿತು.

"ತಪ್ಪ್ಯಾಕ? ನಮ್ಮವ್ವ ಸತ್ತ ಮ್ಯಾಲೆ ನನಗ ಹಂಗ ಯಾರೂ ಬೈದಿದ್ದಿಲ್ಲ," ಅಂದರು ಅತ್ತೆ. "ಕೈ ಕೊಡು, ಇಲ್ಲಿ ಜಾರತೈತಿ."