ಬ್ಲೌಸಿನ ಪಾಠದ ನಡುವೆ ರಮ್ಮಿ

ಹೈದರಾಬಾದಿನ ದಿಲ್‌ಸುಖ್‌ನಗರದ ಗದಿಗೆಮ್ಮನಿಗೆ ಜಾಹೀರಾತು ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೊಪ್ಪಳದಿಂದ ಮದುವೆಯಾಗಿ ಬಂದ ಆಕೆ ಕೋಚಿಂಗ್ ಸೆಂಟರುಗಳ ನಡುವಿನ ಗಲ್ಲಿಯಲ್ಲಿ ವರ್ಷಗಟ್ಟಲೆ ಹೊಲಿಗೆ ಕಲಿಸಿದವಳು. ಎದುರಿನ ಗೋಡೆಯ ಮೇಲೆ ರ‍್ಯಾಂಕ್ ಬಂದ ಒಬ್ಬನೇ ಹುಡುಗನನ್ನು ಬೇರೆ ಬೇರೆ ಸೆಂಟರಿನವರು ತಮ್ಮವನೆಂದು ಅಂಟಿಸಿಕೊಂಡದ್ದನ್ನು ನೋಡಿ ನೋಡಿ, ಬಣ್ಣದ ದಪ್ಪಕ್ಷರದಲ್ಲಿ ಬರೆದದ್ದೆಲ್ಲ ಸುಳ್ಳೇ ಎಂದು ತೀರ್ಮಾನಿಸಿದ್ದಳು.

ಮಂಡಿನೋವಿನಿಂದ ತರಗತಿ ನಿಂತ ಮೇಲೆ ಬ್ಲೌಸ್ ಹೊಲಿಯುವ ಪಾಠಗಳನ್ನು ಕನ್ನಡದಲ್ಲಿ ಬರೆದು ವೆಬ್‌ಸೈಟ್ ಮಾಡಿಸಿದಳು. ಪ್ರತಿ ಪಾಠದ ಕೆಳಗೆ ಪೇಪರ್ ಕಟಿಂಗಿನ ನಕ್ಷೆ ಇಳಿಸಿಕೊಳ್ಳಲು ಒಂದು ಹಸಿರು ಗುಂಡಿ. ಬೀದರ್, ರಾಯಚೂರುಗಳ ಹೆಂಗಸರೂ ಓದತೊಡಗಿದರು.

ಮಾದಾಪುರದ ಮಾರ್ಕೆಟಿಂಗ್ ಕಂಪನಿಯಲ್ಲಿದ್ದ ಮೈದುನ ಚೇತನಕುಮಾರನಿಗೆ ಅದು ಕಣ್ಣಿಗೆ ಬಿತ್ತು.

"ವೈನಿ, ಇಷ್ಟು ಮಂದಿ ಬರ್ತಾರ, ಜಾಗಾ ಖಾಲಿ ಬಿಟ್ಟೀರಲ್ಲ. ಆಟೊಮ್ಯಾಟಿಕ್ ಜಾಹೀರಾತು ಹಾಕೂಣ್ರಿ. ಯಾವುದು ಹಾಕಬೇಕಂತ ಅವರೇ ಆರಿಸ್ತಾರ, ನೀವು ಕೈ ಹಚ್ಚೂದು ಬ್ಯಾಡ."

"ನನ್ನ ಮನಿಗೆ ಯಾರು ಬರಬೇಕಂತ ಅವರು ಆರಿಸ್ತಾರೇನು?"

ವೆಬ್‌ಸೈಟಿನ ಖರ್ಚಾದರೂ ಹುಟ್ಟಲಿ ಎಂದು ಕಡೆಗೆ ಒಪ್ಪಿದಳು.

ತೋಳಿನ ಸುತ್ತಳತೆಯ ಪಾಠದ ನಡುವೆ ಒಬ್ಬ ಬೋಳುತಲೆಯ ಗಂಡಸು ಬಂದು ನಿಂತ. ಎಣ್ಣೆ ಹಚ್ಚಿದ ಮೇಲೆ ಅವನಿಗೆ ಕೂದಲು ಬಂದಿತ್ತಂತೆ. ಕತ್ತಿನ ಪಟ್ಟಿಯ ಪಕ್ಕದಲ್ಲಿ ವಶೀಕರಣದ ಸ್ವಾಮಿ. ಕೇಳಿದ್ದಕ್ಕೆ ಚೇತನಕುಮಾರ, "ಅಲ್ಗಾರಿದಮ್ ಇನ್ನಾ ಕಲಿಯಾಕತ್ತೈತ್ರಿ" ಎಂದ.

"ಭಾಳ ದಡ್ಡ ಐತಿ ಬಿಡು. ನನ್ನ ಹುಡುಗ್ಯಾರು ಇದಕ್ಕಿಂತ ಲಗೂ ಕಲೀತಿದ್ರು."

ಹೀಗೆ ಕುಟುಕಿಕೊಂಡೇ ಇನ್ನೂ ಕೆಲವು ದಿನ ಅವನ್ನು ಇರಗೊಡುತ್ತಿದ್ದಳೋ ಏನೋ, ಅಷ್ಟರಲ್ಲಿ ಲಿಂಗಂಪಲ್ಲಿಯಿಂದ ಹಂಪಮ್ಮ ಎಂಬಾಕೆಯ ಕರೆ ಬಂತು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತ, ಗದಿಗೆಮ್ಮನ ಪಾಠ ಓದಿ ಹೊಲಿಗೆ ಕಲಿಯುತ್ತಿದ್ದವಳು. ಪಕ್ಕದ ಮನೆಯವರ ಫೋನಿನಿಂದ ಅಳುತ್ತ ಮಾತಾಡಿದಳು.

"ಅಕ್ಕಾರ, ನಕ್ಷೆ ಬೇಕಂತ ಹಸರು ಗುಂಡಿ ಒತ್ತಿದೆ. ಫೋನಿನಾಗ ರಮ್ಮಿ ಬಂದು ಕುಂತೈತಿ. ನಾ ಇಸ್ಪೀಟ್ ಆಡ್ತೀನಿ ಅಂತ ನಮ್ಮ ಮನ್ಯಾವ್ರು ಫೋನ್ ಕಸಗೊಂಡಾರ್ರಿ."

ಗದಿಗೆಮ್ಮ ತಾಣ ತೆರೆದು ನೋಡಿದಳು. ತನ್ನ ಗುಂಡಿಯ ಮೇಲೆಯೇ, ಅದೇ ಹಸಿರಿನ, ಅದೇ ಅಳತೆಯ, ಜಾಹೀರಾತಿನ ಇನ್ನೊಂದು ಗುಂಡಿ. ಆ ಭಾನುವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು ಲಿಂಗಂಪಲ್ಲಿಯ ಬಸ್ಸು ಹತ್ತಿದಳು.

ಹಂಪಮ್ಮನ ಗಂಡ ಹುಲಗೇಶ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಗದಿಗೆಮ್ಮ ತನ್ನ ಫೋನನ್ನೇ ಅವನ ಕೈಗಿಟ್ಟಳು. "ಇದು ನನ್ನ ಪಾಠ. ಇದ್ರಾಗ ನಕ್ಷೆ ಇಳಿಸಿಕೊಡಪ್ಪ ನೋಡೂಣು."

ಹುಲಗೇಶ ಸ್ವಲ್ಪ ಹೊತ್ತು ನೋಡಿ ಹಸಿರು ಗುಂಡಿ ಒತ್ತಿದ. ಪರದೆಯ ತುಂಬ ರಾಜ, ರಾಣಿ, ಗುಲಾಮ ಹರಡಿಕೊಂಡರು.

"ಈಗ ನೀನೂ ಇಸ್ಪೀಟ್ ಆಡಿದಂಗಾತಿಲ್ಲ?"

ಅವನು ಎದ್ದ. ಒಳಗೆ ಹೋಗಿ ಹೆಂಡತಿಯ ಫೋನು ತಂದು ಅವಳ ಮುಂದಿಟ್ಟ.

ಮರುದಿನವೇ ಆ ಜಾಹೀರಾತುಗಳೆಲ್ಲ ತಾಣದಿಂದ ಹೋದವು. "ಚಲೋ ಗಳಿಕಿ ಶುರು ಆಗಿತ್ತು ವೈನಿ" ಎಂದು ಚೇತನಕುಮಾರ ಹಲುಬಿದ. "ಮಂದಿ ಮನ್ಯಾಗ ಜಗಳಾ ಹಚ್ಚಿ ಬಂದ ಗಳಿಕಿ ನೀನೇ ಇಟ್ಕೊ" ಎಂದಳು.

ಇನ್ನು ತಾನೇ ಆರಿಸುವೆನೆಂದು ಹೊರಟು, ಪರಿಚಯದ ಸೀರೆ ಅಂಗಡಿಯ ದೊಡ್ಡ ಚಿತ್ರವನ್ನು ಎಲ್ಲ ಪುಟಗಳ ನೆತ್ತಿಯ ಮೇಲೆ ಹಾಕಿದಳು. ಚಿತ್ರವೇನೋ ಚೆಂದವಿತ್ತು, ಒಬ್ಬರೂ ಒತ್ತಲಿಲ್ಲ. ಬ್ಲೌಸ್ ಹೊಲಿಯಲು ಕೂತವಳ ಮಡಿಲಲ್ಲಿ ಸೀರೆ ಆಗಲೇ ಇರುತ್ತದೆ, ಅವಳಿಗೆ ಇನ್ನೊಂದು ಸೀರೆ ತೋರಿಸಲು ಹೋದ ತನ್ನ ಜಾಣತನ ಆ ಅಲ್ಗಾರಿದಮ್ಮಿಗಿಂತ ಯಾವುದರಲ್ಲಿ ಹೆಚ್ಚು ಎಂದು ತನ್ನನ್ನೇ ಬೈದುಕೊಂಡಳು. ಹೊಲಿಯುವವಳಿಗೆ ಆ ಹೊತ್ತಿಗೆ ಬೇಕಾದದ್ದು ಲೈನಿಂಗ್ ಬಟ್ಟೆ, ಹುಕ್ಕು, ದಾರ.

ಲೈನಿಂಗ್ ಮಾರುತ್ತಿದ್ದ ಬಸವಲಿಂಗಪ್ಪ ಜಾಹೀರಾತಿಗೆ ಸಂತೋಷದಿಂದ ಒಪ್ಪಿದ. 'ತೆಲಂಗಾಣದಲ್ಲೇ ನಂಬರ್ ಒನ್' ಎಂದು ಮಿನುಗುವ ಅಕ್ಷರದಲ್ಲಿ ಬರಬೇಕೆಂದ. ಗದಿಗೆಮ್ಮ ಮೊದಲು ಅವನ ಬಟ್ಟೆಯ ತುಂಡೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ ನೋಡಿದಳು. ಬಣ್ಣ ಬಿಡಲಿಲ್ಲ, ಕುಗ್ಗಲೂ ಇಲ್ಲ. 'ಲೈನಿಂಗ್ ಬಣ್ಣ ಬಿಟ್ಟರೆ ವಾಪಸ್ ತನ್ನಿ, ಬದಲಿಸಿ ಕೊಡುತ್ತೇವೆ' ಎಂದಷ್ಟೇ ಬರೆದು, ಅಂಗಡಿಯ ವಿಳಾಸ ಸೇರಿಸಿ, ಲೈನಿಂಗಿನ ಪಾಠದ ಕೆಳಗೆ ಮಾತ್ರ ಹಾಕಿದಳು. ಹೆಂಗಸರು ಫೋನಿನಲ್ಲಿ ಆ ಪುಟ ತೆರೆದುಕೊಂಡೇ ಅಂಗಡಿಗೆ ಬರತೊಡಗಿದರು.

ಹಿಗ್ಗಿದ ಬಸವಲಿಂಗಪ್ಪ ಒಂದು ದಿನ ಪೇಟ ಸುತ್ತಿ ತೆಗೆಸಿಕೊಂಡ ಫೋಟೊ ಹಿಡಿದು ಬಂದ. "ಅಕ್ಕಾರ, ಇದನ್ನೂ ಮ್ಯಾಲ ಹಾಕಿಬಿಡ್ರಿ. ಮಂದಿಗೆ ಗುರ್ತ ಹತ್ತತೈತಿ."

"ನಿಮ್ಮ ಮಾರಿ ನೋಡಿ ಯಾರೂ ಲೈನಿಂಗ್ ತಗೊಳ್ಳಾಕ ಬರಂಗಿಲ್ರಿ."

ಅವನು ಕೆಲವು ವಾರ ಮಾತು ಬಿಟ್ಟ. ಜಾಹೀರಾತನ್ನು ಮಾತ್ರ ಬಿಡಲಿಲ್ಲ.